ಸಾಸ್‌ಗೆ ಕಪ್ಪು ಟೊಮೆಟೊ: ಸಿಪ್ಪೆಯ ಬಣ್ಣ, ತಿರುಳಿನ ಬಣ್ಣ

ಟೊಮೆಟೊ ಬೆಲೆಯ ಏರಿಳಿತ ಬೆಂಗಳೂರಿನವರಿಗೆ ಹೊಸದಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಅಗ್ಗವಾದಾಗ ಕೊಂಡು, ಕುದಿಸಿ, ಬಾಟಲಿಗೆ ತುಂಬಿಟ್ಟುಕೊಳ್ಳುವ ಯೋಚನೆ ಹಲವು ಮನೆಗಳಲ್ಲಿ ಹುಟ್ಟಿದ್ದು ಈ ಏರಿಳಿತದಿಂದಲೇ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ತಾರಸಿಗಳಲ್ಲಿ ತರಕಾರಿ ಬೆಳೆಯುವವರಿಗೆ ಇದರ ಜೊತೆ ಇನ್ನೊಂದು ಆಸೆಯೂ ಸೇರಿಕೊಂಡಿದೆ. ಬ್ಲ್ಯಾಕ್ ಕ್ರಿಮ್, ಚೆರೋಕೀ ಪರ್ಪಲ್, ಇಂಡಿಗೊ ರೋಸ್ ಎಂಬ ಹೆಸರಿನ ಬೀಜದ ಪೊಟ್ಟಣಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಬೀಜ ವಿನಿಮಯಕ್ಕೆ ಬಂದವರ ಕೈಯಲ್ಲೂ ಇರುತ್ತವೆ. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಆರಂಭಿಸಿದ ಮೇಲೆ ಈ ಊರಿನ ತಾರಸಿ ತೋಟಗಾರರು ಒಬ್ಬರಿಗೊಬ್ಬರು ಬೀಜ ಕೊಟ್ಟುಕೊಳ್ಳುವುದು ರೂಢಿಯಾಗಿದೆ. ಕಪ್ಪು ಟೊಮೆಟೊ ಬೆಳೆದು ಅದರಿಂದಲೇ ಸಾಸ್ ಮಾಡಿದರೆ ಹೇಗೆ ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಸ್‌ಗೆ ಬೇಕಾದ ಕಡು ಬಣ್ಣ ಇರುವುದು ತಿರುಳಿನಲ್ಲಿ. ಸಿಪ್ಪೆಯನ್ನು ನಂಬಿ ತಳಿ ಆರಿಸಿದರೆ ಬಾಣಲೆಯಲ್ಲಿ ಉಳಿಯುವುದು ಬಹಳ ಕಡಿಮೆ. ತಿರುಳು ಕಪ್ಪಗಿರುವ ತಳಿಗಳ ರುಚಿಗೆ ಬೆಲೆ ಕಟ್ಟಲಾಗದು, ಆದರೆ ಉತ್ತರ ಬೆಂಗಳೂರಿನ ರೋಗಗಳನ್ನು ತಡೆದುಕೊಳ್ಳುವಂತೆ ಅವನ್ನು ಯಾರೂ ರೂಪಿಸಿಲ್ಲ. ಹಾಗಾಗಿ ಸಾಸ್‌ನ ಮೈಗೆ ನಮ್ಮ ಹೆಸರಘಟ್ಟ, ಹೆಬ್ಬಾಳದಲ್ಲೇ ರೂಪುಗೊಂಡ ಕಡುಗೆಂಪು ತಳಿ, ರುಚಿಗೆ ಕಾಲು ಭಾಗದಷ್ಟು ಕಪ್ಪು ಹಣ್ಣು. ಹೀಗೆ ಯಾಕೆ ಎನ್ನುವುದನ್ನು ಬಿಡಿಸಿ ಹೇಳಬೇಕು.

ಕಪ್ಪು ಟೊಮೆಟೊ ಎಂದು ಒಂದೇ ಹೆಸರಿನಲ್ಲಿ ಕರೆಯುವ ಹಣ್ಣುಗಳಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ಮೊದಲನೆಯದು ಹಸಿರು ಬಿಡದ ಕುಲ. ಸಾಮಾನ್ಯ ಟೊಮೆಟೊ ಹಣ್ಣಾಗುವಾಗ ಕಾಯಿಯ ಹಸಿರು, ಅಂದರೆ ಕ್ಲೋರೋಫಿಲ್, ಪೂರ್ತಿ ಕರಗಿ ಹೋಗುತ್ತದೆ. ಆ ಜಾಗದಲ್ಲಿ ಕೆಂಪು ಲೈಕೋಪೀನ್ ತುಂಬಿಕೊಳ್ಳುತ್ತದೆ. ಈ ಕುಲದ ತಳಿಗಳಲ್ಲಿ ಹಸಿರನ್ನು ಒಡೆಯುವ ಕೆಲಸಕ್ಕೆ ಬೇಕಾದ ಒಂದು ವಂಶವಾಹಿ ಕೆಟ್ಟಿರುತ್ತದೆ. ಕೆಂಪೂ ಬರುತ್ತದೆ, ಹಸಿರೂ ಉಳಿಯುತ್ತದೆ. ಎರಡೂ ಸೇರಿ ಕಂದು. ಮಾಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುವ ಕೆಲವು ದೊಣ್ಣೆಮೆಣಸಿನಕಾಯಿಗಳಲ್ಲೂ ಕೆಟ್ಟಿರುವುದು ಇದೇ ವಂಶವಾಹಿಯ ಜೋಡಿ ಎಂದು 2008ರಲ್ಲಿ ಗೊತ್ತಾಯಿತು. ಬ್ಲ್ಯಾಕ್ ಕ್ರಿಮ್, ಚೆರೋಕೀ ಪರ್ಪಲ್, ಪಾಲ್ ರಾಬ್ಸನ್, ಬ್ಲ್ಯಾಕ್ ಪ್ಲಮ್ ಎಲ್ಲವೂ ಈ ಕುಲದವು.

ಚೆನ್ನಾಗಿ ಮಾಗಿದ ಬ್ಲ್ಯಾಕ್ ಕ್ರಿಮ್ ಒಂದನ್ನು ಅಡ್ಡ ಕೊಯ್ದು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ತೊಟ್ಟಿನ ಸುತ್ತ ಇನ್ನೂ ಕಡು ಹಸಿರು. ಅದರ ಕೆಳಗೆ ಗೋಡೆ ಇಟ್ಟಿಗೆಯ ಕೆಂಪಿನಿಂದ ಕಂದಿಗೆ ತಿರುಗಿದೆ. ಬೀಜದ ಸುತ್ತಿನ ಲೋಳೆ ಹಸಿರಾಗಿ ಹೊಳೆಯುತ್ತದೆ. ಹಲಗೆಯ ಮೇಲೆ ರಸ ಹರಿದು ಬಂದಾಗ ಅದೂ ಸ್ವಲ್ಪ ಹಸಿರು ಕಂದು. ಹಸಿಯಾಗಿಯೇ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸಿಹಿ ಮೊದಲು, ಹುಳಿ ಆಮೇಲೆ, ಕೊನೆಯಲ್ಲಿ ಉಪ್ಪು ಹಾಕಿದ ಹಾಗೆ ಒಂದು ಆಳದ ರುಚಿ. ಇದನ್ನು ಹೊಗೆಯ ರುಚಿ ಎನ್ನುವವರೂ ಇದ್ದಾರೆ. ಮಾರುಕಟ್ಟೆಯ ಯಾವ ಹೈಬ್ರಿಡ್ ಹಣ್ಣಿನಲ್ಲೂ ನನಗೆ ಈ ರುಚಿ ಸಿಕ್ಕಿಲ್ಲ.

ಈ ಕುಲದೊಳಗೆ ಕಂದು, ನೇರಳೆ ಎಂದು ಮತ್ತೆ ಎರಡು ಮಾಡುತ್ತಾರೆ. ಅಮೆರಿಕದ ಕ್ರೇಗ್ ಲಹೂಲಿಯರ್ ಅವರಿಗೆ 1990ರಲ್ಲಿ ಟೆನಿಸಿಯಿಂದ ಅಂಚೆಯಲ್ಲಿ ಬಂದ ಹೆಸರಿಲ್ಲದ ಬೀಜವೇ ಇವತ್ತಿನ ಚೆರೋಕೀ ಪರ್ಪಲ್. ಕೆಲವು ವರ್ಷಗಳ ನಂತರ ಅದೇ ತಳಿಯ ಒಂದು ಗಿಡದಲ್ಲಿ ಚಾಕೊಲೇಟ್ ಬಣ್ಣದ ಹಣ್ಣು ಬಿಟ್ಟಿತು. ಅದಕ್ಕೆ ಚೆರೋಕೀ ಚಾಕೊಲೇಟ್ ಎಂದು ಹೆಸರಾಯಿತು. ಇವೆರಡರ ನಡುವಿನ ವ್ಯತ್ಯಾಸವೆಲ್ಲ ಸಿಪ್ಪೆಯದು. ಒಂದರ ಸಿಪ್ಪೆ ಪಾರದರ್ಶಕ, ಇನ್ನೊಂದರದು ಹಳದಿ. ತಿರುಳು ಎರಡರಲ್ಲೂ ಒಂದೇ. ಸಾಸ್‌ಗೆ ಸಿಪ್ಪೆ ಸುಲಿದು ಹಾಕುವವರು ಈ ಎರಡರಲ್ಲಿ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎರಡನೆಯ ಕುಲ ನೇರಳೆ ಹಣ್ಣಿನ ಹಾಗೆ ನಿಜಕ್ಕೂ ಕಪ್ಪಾಗುವಂಥದು. ಇದರ ಬಣ್ಣ ಆಂಥೋಸಯನಿನ್, ಬದನೆಕಾಯಿ ಸಿಪ್ಪೆಯಲ್ಲಿ ಇರುವ ಜಾತಿಯದು. ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಿಂದ ಈ ಗುಣವನ್ನು ತಂದು, ಮಾಮೂಲಿ ಸಂಕರಣದಿಂದಲೇ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ ಮೈಯರ್ಸ್ ಮತ್ತು ಸಂಗಡಿಗರು ಇಂಡಿಗೊ ರೋಸ್ ರೂಪಿಸಿದರು. 2012ರ ಹೊತ್ತಿಗೆ ಅದರ ಬೀಜ ತೋಟಗಾರರ ಕೈ ಸೇರಿತು. ಈ ಬಣ್ಣಕ್ಕೆ ಬಿಸಿಲು ಬೇಕು. ಎಲೆಯ ಮರೆಯಲ್ಲಿದ್ದ ಭಾಗ, ತೊಟ್ಟಿನ ಕೆಳಗಿನ ನಕ್ಷತ್ರದ ಆಕಾರದ ಜಾಗ ಕೆಂಪಾಗಿಯೇ ಉಳಿಯುತ್ತದೆ. ಕೊಯ್ದರೆ ಒಳಗೆ ಮಾಮೂಲಿ ಕೆಂಪು ಟೊಮೆಟೊ. ಫೋಟೊದಲ್ಲಿ ನೋಡಿ ಮನಸೋಲುವವರು ಹೆಚ್ಚಾಗಿ ಆಸೆಪಡುವುದು ಇದಕ್ಕೇ, ಸಾಸ್‌ಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ. ತಿರುಳೂ ನೇರಳೆಯಾಗಿರುವ ಟೊಮೆಟೊ ಒಂದಿದೆ. ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ಕ್ಯಾಥಿ ಮಾರ್ಟಿನ್ ಅವರ ತಂಡ ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಎರಡು ವಂಶವಾಹಿ ಸೇರಿಸಿ ಮಾಡಿದ್ದು. 2008ರಲ್ಲಿ ಅದರ ವಿವರ ಪ್ರಕಟವಾಯಿತು, 2024ರಲ್ಲಿ ಅಮೆರಿಕದ ಮನೆ ತೋಟಗಾರರಿಗೆ ಬೀಜ ಮಾರಾಟಕ್ಕೆ ಬಂತು. ನಮ್ಮಲ್ಲಿ ಇಂಥ ಕುಲಾಂತರಿ ಟೊಮೆಟೊ ಬೆಳೆಯಲು ಅನುಮತಿಯಿಲ್ಲ. ಹಾಗಾಗಿ ಅದರ ಮಾತು ಇಲ್ಲಿಗೆ ಸಾಕು.

ಇವೆರಡನ್ನು ಬಿಟ್ಟರೆ ಉಳಿಯುವುದು ಕಪ್ಪು ಎಂದು ಯಾರೂ ಕರೆಯದ, ಆದರೆ ಸಾಸ್ ಮಾಡುವವರು ನಿಜವಾಗಿ ಹುಡುಕಬೇಕಾದ ಬಣ್ಣ: ಕಡುಗೆಂಪು. ಗೋಡೆಯಿಂದ ನಡುವಿನ ದಿಂಡಿನವರೆಗೆ ಒಂದೇ ಸಮನೆ ಕೆಂಪಾಗಿರುವ, ಲೈಕೋಪೀನ್ ತುಂಬಿದ ತಿರುಳು. ಪೇಟೆಯ ಹೈಬ್ರಿಡ್ ಹಣ್ಣು ಹೊರಗೆ ಎಷ್ಟೇ ಕೆಂಪಗಿದ್ದರೂ ಕೊಯ್ದಾಗ ನಡುವೆ ಬಿಳಿ ಗಟ್ಟಿ ದಿಂಡು ಕಾಣುತ್ತದಲ್ಲ, ಅದರ ಸಾಸ್ ಕಿತ್ತಳೆಗೆ ತಿರುಗಿ ಸಪ್ಪೆಯಾಗಲು ಆ ಬಿಳಿಯೂ ಒಂದು ಕಾರಣ.

ಈಗ ಒಲೆಯ ಮೇಲೆ ಏನಾಗುತ್ತದೆ ನೋಡೋಣ. ಲೈಕೋಪೀನ್ ಎಣ್ಣೆಯಲ್ಲಿ ಕರಗುವ ಬಣ್ಣ, ಕುದಿಗೆ ಸುಲಭವಾಗಿ ಜಗ್ಗುವುದಿಲ್ಲ. ಬೆಂದಷ್ಟೂ ತಿರುಳಿನ ಕೋಶಗಳಿಂದ ಬಿಡುಗಡೆಯಾಗಿ ಎಣ್ಣೆಗೆ ಇಳಿಯುತ್ತದೆ. ದೇಹಕ್ಕೂ ಹಸಿ ಹಣ್ಣಿಗಿಂತ ಎಣ್ಣೆಯಲ್ಲಿ ಬೇಯಿಸಿದ್ದರಿಂದಲೇ ಹೆಚ್ಚು ಒದಗುತ್ತದೆ. ಕ್ಲೋರೋಫಿಲ್ ಹಾಗಲ್ಲ. ಹುಳಿಯೂ ಬಿಸಿಯೂ ಸೇರಿದರೆ ಅದರೊಳಗಿನ ಮೆಗ್ನೀಸಿಯಮ್ ಕಳಚಿ ಮಂಕಾದ ಆಲಿವ್ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಣಸೆಹುಳಿ ಹಾಕಿದ ಮೇಲೆ ಸೊಪ್ಪಿನ ಹಸಿರು ಮಾಸುವುದು ಇದೇ ಕಾರಣಕ್ಕೆ. ಬರೀ ಬ್ಲ್ಯಾಕ್ ಕ್ರಿಮ್‌ನಿಂದ ಸಾಸ್ ಮಾಡಿದರೆ ಬರುವುದು ಕಂದು ಕೆಂಪು, ಸುಟ್ಟ ಇಟ್ಟಿಗೆಯ ಬಣ್ಣ. ರುಚಿ ಅದ್ಭುತ. ಆದರೆ ಮಕ್ಕಳ ತಟ್ಟೆಗೆ ಹಾಕಿದರೆ ಇದು ಟೊಮೆಟೊ ಸಾಸಾ ಎಂದು ಕೇಳುತ್ತವೆ. ಆಂಥೋಸಯನಿನ್‌ನ ಕತೆ ಇನ್ನೂ ಚಿಕ್ಕದು. ಅದು ನೀರಿನಲ್ಲಿ ಕರಗುತ್ತದೆ, ಬಹಳ ಹೊತ್ತಿನ ಕುದಿಯಲ್ಲಿ ಒಡೆಯುತ್ತದೆ, ಇರುವುದೇ ಸಿಪ್ಪೆಯ ತೆಳು ಪದರದಲ್ಲಿ. ಇಂಡಿಗೊ ರೋಸ್‌ನ ಸಿಪ್ಪೆ ಸುಲಿದೊಡನೆ ಅದಕ್ಕಾಗಿ ಪಟ್ಟ ಕಷ್ಟವೆಲ್ಲ ಕಸದ ಬುಟ್ಟಿಗೆ ಹೋದ ಹಾಗೆ.

ಬಣ್ಣದಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕ ನೀರಿನದು. ಟೊಮೆಟೊದಲ್ಲಿ ಕರಗಿದ ಘನಾಂಶ ಸಾಮಾನ್ಯವಾಗಿ ನೂರಕ್ಕೆ 4ರಿಂದ 5 ಭಾಗ, ಮಿಕ್ಕದ್ದು ಹೆಚ್ಚುಕಡಿಮೆ ನೀರೇ. ಸಿಪ್ಪೆ, ಬೀಜ ತೆಗೆದ 5 ಕೆ.ಜಿ. ತಿರುಳಿನಲ್ಲಿ ಘನಾಂಶ ಶೇ 4 ಇದ್ದರೆ, ಅದನ್ನು ಶೇ 12ರ ಗಟ್ಟಿ ಸಾಸ್ ಮಾಡುವ ಹೊತ್ತಿಗೆ ಉಳಿಯುವುದು ಸುಮಾರು 1.7 ಕೆ.ಜಿ. ಶೇ 5 ಇದ್ದರೆ 2.1 ಕೆ.ಜಿ. ನೋಡಲು ಸಣ್ಣ ವ್ಯತ್ಯಾಸ. ಆದರೆ ಆವಿ ಮಾಡಬೇಕಾದ ನೀರು ಅರ್ಧ ಲೀಟರಿನ ಹತ್ತಿರ ಕಡಿಮೆಯಾಗುತ್ತದೆ, ಗ್ಯಾಸ್ ಉಳಿಯುತ್ತದೆ, ಹೆಚ್ಚು ಹೊತ್ತು ಕುದಿಸಿ ತಾಜಾತನ ಕಳೆದುಕೊಳ್ಳುವುದೂ ತಪ್ಪುತ್ತದೆ. ಕಪ್ಪು ತಳಿಗಳಲ್ಲಿ ಬಹುಪಾಲು ದೊಡ್ಡ ಗಾತ್ರದ, ರಸ ಹೆಚ್ಚಿರುವ, ಕೊಯ್ದು ಹಸಿಯಾಗಿ ತಿನ್ನುವುದಕ್ಕೆಂದು ಜನ ಉಳಿಸಿಕೊಂಡು ಬಂದವು. ಬೀಜದ ಕೋಣೆಗಳು ಹಲವು, ಲೋಳೆ ಬೇಕಾದಷ್ಟು. ಈ ಗುಂಪಿನಲ್ಲಿ ಸಾಸ್‌ಗೆ ಹೊಂದುವುದು ರಷ್ಯಾ ಮೂಲದ ಬ್ಲ್ಯಾಕ್ ಪ್ಲಮ್. ಹಣ್ಣು ಸಣ್ಣದು, ಮೊಟ್ಟೆಯಾಕಾರ, ಗೊಂಚಲಾಗಿ ಬಿಡುತ್ತದೆ. ಒಂದೇ ಒಂದು ಕಪ್ಪು ತಳಿ ಹಾಕುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ರುಚಿಗೆ ಮಾತ್ರ ಬ್ಲ್ಯಾಕ್ ಕ್ರಿಮ್‌ಗೆ ಇದು ಸಮನಲ್ಲ.

ಉತ್ತರ ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಟೊಮೆಟೊ ತಳಿ ಸಂಶೋಧನೆಯ ಎರಡು ದೊಡ್ಡ ನೆಲೆಗಳು ನಮ್ಮ ಮಗ್ಗುಲಲ್ಲೇ ಇವೆ. ಒಂದು, 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಹೆಸರಘಟ್ಟದ ಕೆರೆಗೆ ನೀರು ತರುವ ಅರ್ಕಾವತಿಯ ಹೆಸರನ್ನೇ ಅದರ ತಳಿಗಳೆಲ್ಲ ಹೊತ್ತಿವೆ. ಇನ್ನೊಂದು, ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ.

ಹೆಸರಘಟ್ಟದ ಹಳೆಯ ತಳಿಗಳಲ್ಲಿ ಸಂಸ್ಕರಣೆಗೆಂದೇ ಆರಿಸಿದವು ಹಲವು ಇವೆ. ಕೆನಡಾದ ಒಟ್ಟಾವಾ-60ರಿಂದ ಆಯ್ದ ಅರ್ಕಾ ಆಹುತಿ ಉದ್ದನೆಯ ಕಡುಗೆಂಪು ಹಣ್ಣು ಬಿಡುತ್ತದೆ. ಕೆನಡಾದ್ದೇ ಮತ್ತೊಂದು ಸಾಲಿನಿಂದ ಬಂದದ್ದು ಅರ್ಕಾ ಸೌರಭ. ಕ್ಯಾಲಿಫೋರ್ನಿಯಾದ ಕಾರ್ಖಾನೆಗಳಿಗಾಗಿ ರೂಪಿಸಿದ ಯುಸಿ-82ಬಿ ಎಂಬ ತಳಿಯಿಂದ ಅರ್ಕಾ ಆಶಿಷ್ ಬಂತು. ಇದರ ಗಿಡ ಕುಳ್ಳು, ಕಾಯಿ ಹೆಚ್ಚುಕಡಿಮೆ ಒಟ್ಟಿಗೇ ಮಾಗುತ್ತದೆ. ಸಾಸ್ ಮಾಡುವವರಿಗೆ ಈ ಗುಣ ದೊಡ್ಡದು. ಒಂದು ಸಲಕ್ಕೆ ನಾಲ್ಕೈದು ಕೆ.ಜಿ. ಹಣ್ಣು ಕೈಗೆ ಬಾರದಿದ್ದರೆ ಸಾಸ್ ಕಾಯಿಸುವುದರಲ್ಲಿ ಅರ್ಥವಿಲ್ಲ. ಇವೆಲ್ಲ ಶುದ್ಧ ತಳಿಗಳು, ಬೀಜ ಎತ್ತಿಟ್ಟುಕೊಳ್ಳಬಹುದು.

ಆಮೇಲೆ ಬಂದದ್ದು ಎ.ಟಿ. ಸದಾಶಿವ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಅರ್ಕಾ ರಕ್ಷಕ್. ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ, ಈ ಮೂರನ್ನೂ ತಡೆಯುವ ಹೈಬ್ರಿಡ್. ಹಣ್ಣು 90ರಿಂದ 100 ಗ್ರಾಂ, ಚೌಕಾಕಾರಕ್ಕೆ ಹತ್ತಿರದ ದುಂಡು, ಕಡುಗೆಂಪು, ಗೋಡೆ ದಪ್ಪ. ನಂತರದ ಅರ್ಕಾ ಅಭೇದ್ ಕೊನೆ ಅಂಗಮಾರಿಯನ್ನೂ ತಡೆಯುತ್ತದೆ. ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ಎಂಬ ಎರಡು ಹೈಬ್ರಿಡ್‌ಗಳನ್ನು ನೇರ ಕಾರ್ಖಾನೆಯ ಸಾಸ್, ಪ್ಯೂರಿಗಾಗಿಯೇ ಮಾಡಿದ್ದಾರೆ. ಇವುಗಳ ತೊಟ್ಟಿನಲ್ಲಿ ಗೆಣ್ಣಿಲ್ಲದ್ದರಿಂದ ಹಣ್ಣು ಕಿತ್ತಾಗ ತೊಟ್ಟು ಗಿಡದಲ್ಲೇ ಉಳಿಯುತ್ತದೆ, ಯಂತ್ರದಲ್ಲೂ ಕೊಯ್ಯಬಹುದು. ಮನೆಯಲ್ಲಿ ಐದು ಕೆ.ಜಿ. ಹಣ್ಣಿನ ತೊಟ್ಟು ಬಿಡಿಸುತ್ತ ಕೂತವರಿಗೆ ಇದರ ಬೆಲೆ ಗೊತ್ತು. ಈ ಬೀಜಗಳನ್ನು ಸಂಸ್ಥೆಯೇ ಮಾರುತ್ತದೆ, ಆನ್‌ಲೈನ್‌ನಲ್ಲೂ ತರಿಸಿಕೊಳ್ಳಬಹುದು. ಹೈಬ್ರಿಡ್ ಆದ್ದರಿಂದ ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು ಎನ್ನುವುದೊಂದೇ ಕೊರತೆ.

ಜಿಕೆವಿಕೆಯ ಕೊಡುಗೆ ಕಡಿಮೆ ಜನಕ್ಕೆ ಗೊತ್ತು. ಟೊಮೆಟೊ ಎಲೆ ಮುಟುರು ರೋಗದ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಬೆಂಗಳೂರಿನದೇ ಹೆಸರಿಟ್ಟಿದ್ದಾರೆ. ಬಿಳಿ ನೊಣ ಹರಡುವ ಈ ರೋಗದ ಮೇಲೆ ವಿ. ಮುನಿಯಪ್ಪ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು, ಈ ಶತಮಾನದ ಆರಂಭದಲ್ಲಿ ಸಂಕ್ರಾಂತಿ, ನಂದಿ, ವೈಭವ್ ಎಂಬ ಮೂರು ನಿರೋಧಕ ತಳಿಗಳನ್ನು ಹೊರತಂದರು. ಇವು ಹೈಬ್ರಿಡ್ ಅಲ್ಲ. ರೈತ ತಾನೇ ಬೀಜ ಮಾಡಿಕೊಳ್ಳಬಹುದಾದ ತಳಿಗಳು ಎಂಬ ಕಾರಣಕ್ಕೆ ಇವು ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ.

ಬ್ಲ್ಯಾಕ್ ಕ್ರಿಮ್, ಚೆರೋಕೀ ಪರ್ಪಲ್‌ನಂಥ ಕಪ್ಪು ತಳಿಗಳಿಗೆ ಈ ರಕ್ಷಣೆ ಯಾವುದೂ ಇಲ್ಲ. ಯಲಹಂಕದ ತಾರಸಿಯಲ್ಲಿ ಬ್ಲ್ಯಾಕ್ ಕ್ರಿಮ್ ಬೆಳೆದ ಯಾರನ್ನು ಕೇಳಿದರೂ ಒಂದೇ ದೂರು: ಮೊದಲ ಹೂವು ಬರುವ ಹೊತ್ತಿಗೆ ತುದಿ ಎಲೆ ಮುದುಡಿ, ಅಂಚು ಹಳದಿಯಾಗಿ, ಗಿಡ ಅಲ್ಲೇ ನಿಂತುಬಿಡುತ್ತದೆ. ಸಸಿ ಪ್ರೋಟ್ರೇಯಲ್ಲಿರುವಾಗಲೇ ಬಿಳಿ ನೊಣ ಮುಟ್ಟದಂತೆ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ 25-30 ದಿನ ಬೆಳೆಸಿದರೆ ಅರ್ಧ ಯುದ್ಧ ಗೆದ್ದಂತೆ, ಏಕೆಂದರೆ ಎಳೆಯ ವಯಸ್ಸಿನಲ್ಲಿ ತಗುಲಿದ ಸೋಂಕೇ ಫಸಲನ್ನು ಪೂರ್ತಿ ಕಳೆಯುವುದು. ನೆಲದಲ್ಲಿ ಹಾಕುವವರಿಗೆ ದುಂಡಾಣು ಸೊರಗು ರೋಗ ಕಾದಿರುತ್ತದೆ. ಬೆಳಗ್ಗೆ ಹಸಿರಾಗಿದ್ದ ಗಿಡ ಎರಡು ಮೂರು ದಿನದಲ್ಲಿ ಜೋತುಬೀಳುತ್ತದೆ. ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟುವುದು ಇದಕ್ಕೆ ಒಳ್ಳೆಯ ದಾರಿ. ತೈವಾನಿನ ವಿಶ್ವ ತರಕಾರಿ ಕೇಂದ್ರ ಇದಕ್ಕೆಂದೇ ಇಜಿ-203 ಎಂಬ ಬದನೆಯನ್ನು ಶಿಫಾರಸು ಮಾಡಿದೆ. 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೂಟಾ ಹುಳುವಿಗೆ ಮಾತ್ರ ಕೆಂಪು ಕಪ್ಪು ಎಂಬ ಭೇದವಿಲ್ಲ. ಮೋಹಕ ಬಲೆ ಹಾಕಿ, ಕೊರೆದ ಎಲೆ ಮತ್ತು ಕಾಯಿಗಳನ್ನು ದಿನವೂ ಕಿತ್ತು ನಾಶ ಮಾಡುತ್ತಿರಬೇಕು.

ಕುಂಡದಲ್ಲಿ ಮೊಟ್ಟೆಯಾಕಾರದ ಹಣ್ಣು ಬೆಳೆಯುವವರಿಗೆ ಇನ್ನೊಂದು ಕಾಟ, ಹಣ್ಣಿನ ತುದಿ ಕಪ್ಪಾಗಿ ಕೊಳೆಯುವುದು. ಸುಣ್ಣದ ಕೊರತೆ ಎಂದು ಮೊಟ್ಟೆ ಚಿಪ್ಪು ಪುಡಿ ಮಾಡಿ ಸುರಿಯುತ್ತಾರೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣಕ್ಕೇನೂ ಬರವಿಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ನೆನೆಸುವುದರಿಂದ ಅದು ಹಣ್ಣಿನ ತುದಿಯವರೆಗೆ ತಲುಪುವುದಿಲ್ಲ, ಅಷ್ಟೆ. ದೊಡ್ಡ ಚೀಲ, ಮೇಲೆ ಒಣ ಎಲೆಯ ಹೊದಿಕೆ, ದಿನವೂ ಒಂದೇ ಅಳತೆಯ ನೀರು ಇದ್ದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಬಣ್ಣಕ್ಕೂ ಹವೆಗೂ ನೇರ ಸಂಬಂಧವಿದೆ. ತಾಪಮಾನ 30 ಡಿಗ್ರಿ ದಾಟಿದಂತೆ ಲೈಕೋಪೀನ್ ಕೂಡುವುದು ಕುಂಠಿತವಾಗುತ್ತದೆ, ಕಿತ್ತಳೆ ಬಣ್ಣದ ಕ್ಯಾರೊಟಿನ್ ಮಾತ್ರ ಮುಂದುವರಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಅದರಲ್ಲೂ ಕಾದ ಕಾಂಕ್ರೀಟಿನ ಮೇಲೆ ಮಾಗಿದ ಹಣ್ಣಿನ ಹೆಗಲು ಹಳದಿಯಾಗುವುದು ಇದಕ್ಕೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹಗಲು 27 ಡಿಗ್ರಿಯ ಆಸುಪಾಸು, ರಾತ್ರಿ 15-16. ಟೊಮೆಟೊ ಕೆಂಪಾಗಲು ಇದಕ್ಕಿಂತ ಒಳ್ಳೆಯ ಹವೆ ಬೇಡ. ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ಅಕ್ಟೋಬರ್ ಕೊನೆಗೆ ಸಸಿ ನೆಟ್ಟರೆ ಹಣ್ಣು ಸರಿಯಾಗಿ ಈ ಹೊತ್ತಿಗೆ ಕೈಗೆ ಬರುತ್ತದೆ. ಯಾವ ತಳಿ ಎನ್ನುವುದರಷ್ಟೇ ಯಾವ ತಿಂಗಳು ಎನ್ನುವುದೂ ಸಾಸ್‌ನ ಬಣ್ಣವನ್ನು ತೀರ್ಮಾನಿಸುತ್ತದೆ. ಕಡುಗೆಂಪು ತಳಿಯನ್ನೇ ಹಾಕಿ ಮೇ ತಿಂಗಳಲ್ಲಿ ಕೊಯ್ದರೆ ಬಣ್ಣ ನಿರಾಸೆ ಮಾಡುತ್ತದೆ.

ಬೆಳೆಯುವ ಜಾಗವಿಲ್ಲದವರು ಹಾಪ್‌ಕಾಮ್ಸ್‌ನಲ್ಲೋ ತಳ್ಳುಗಾಡಿಯಲ್ಲೋ ಕೊಳ್ಳುತ್ತಾರೆ. ಅಲ್ಲಿ ಸಿಗುವುದು ನಾಟಿ ಮತ್ತು ಫಾರಂ ಎಂಬ ಎರಡೇ ಬಗೆ. ನಾಟಿಯನ್ನು ನೀರು ಹೆಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಟಿ ಹಣ್ಣಿನ ತೊಟ್ಟಿನ ಸುತ್ತ ಕಾಯಿಯಾಗಿದ್ದಾಗ ಕಡು ಹಸಿರು ಪಟ್ಟಿ ಇರುತ್ತದೆ. ಒಂದೇ ಸಮ ಬಣ್ಣ ಬರಲೆಂದು ಆಧುನಿಕ ತಳಿಗಳಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ಆ ಹಸಿರಿಗೆ ಕಾರಣವಾದ ವಂಶವಾಹಿಯೇ ಹಣ್ಣಿನ ಸಕ್ಕರೆ ಮತ್ತು ಲೈಕೋಪೀನ್ ಹೆಚ್ಚಿಸುತ್ತದೆ ಎಂದು ಕ್ಯಾಲಿಫೋರ್ನಿಯಾದ ಆನ್ ಪವೆಲ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಬ್ಲ್ಯಾಕ್ ಕ್ರಿಮ್‌ನ ಹೆಗಲಿನಲ್ಲಿ ಕಾಣುವ ಕಡು ಹಸಿರೂ ನಮ್ಮ ನಾಟಿಯ ಹಸಿರೂ ಒಂದೇ ಜಾತಿಯವು. ಕಪ್ಪು ಹಣ್ಣು ಸಿಗದವರು ಮೂರು ಪಾಲು ಫಾರಂ ಹಣ್ಣಿಗೆ ಒಂದು ಪಾಲು ಚೆನ್ನಾಗಿ ಮಾಗಿದ ನಾಟಿ ಸೇರಿಸಿದರೆ ಸಾಸ್‌ನ ರುಚಿಯೇ ಬೇರೆಯಾಗುತ್ತದೆ. ಕೊಳ್ಳುವಾಗ ಒಂದು ಹಣ್ಣು ಕೊಯ್ದು ನೋಡಲು ಕೇಳಿ. ದಿಂಡು ಬೆಳ್ಳಗಿದ್ದರೆ ಬಿಟ್ಟುಬಿಡಿ. ಕೆಂಪಿಗೆ ತಿರುಗುವ ಮೊದಲೇ ಕೊಯ್ದು ಬಾಕ್ಸ್‌ನಲ್ಲಿ ಮಾಗಿದ್ದಾದರೆ ಎರಡು ಮೂರು ದಿನ ಮನೆಯ ನೆರಳಿನಲ್ಲಿ ಹರಡಿಡಿ, ಫ್ರಿಜ್‌ನಲ್ಲಿ ಬೇಡ.

ಕಪ್ಪು ತಳಿಯ ಗಿಡ ಹಬ್ಬುತ್ತ ಹೋಗಿ ವಾರಕ್ಕೆ ನಾಲ್ಕು ಹಣ್ಣು, ಮೂರು ಹಣ್ಣು ಎಂದು ಕೊಡುತ್ತದೆ. ಹಾಗೆ ಬಂದದ್ದನ್ನು ಇಡಿಯಾಗಿಯೇ ಫ್ರೀಜರ್‌ಗೆ ಹಾಕುತ್ತ ಹೋಗುವುದು ಒಳ್ಳೆಯ ಉಪಾಯ. ಕರಗಿಸಿದಾಗ ಸಿಪ್ಪೆ ತಾನಾಗಿ ಕಳಚುತ್ತದೆ, ಸಾಕಷ್ಟು ನೀರೂ ಬೇರೆಯಾಗಿ ಇಳಿಯುತ್ತದೆ. ಆ ನೀರು ಸಾರಿಗೆ ಆಗುತ್ತದೆ. ಅರ್ಕಾ ತಳಿಯ ಕೆಂಪು ಹಣ್ಣು ಒಟ್ಟಿಗೆ ಬಂದ ದಿನ ಎರಡನ್ನೂ ಸೇರಿಸಿ ಕಾಯಿಸಬಹುದು. ಮೂರು ಪಾಲು ಕೆಂಪು, ಒಂದು ಪಾಲು ಕಪ್ಪು ಹಾಕಿದರೆ ಬಣ್ಣ ಕಡುಗೆಂಪಾಗಿಯೇ ಉಳಿಯುತ್ತದೆ, ಕಪ್ಪಿನ ಆಳದ ರುಚಿಯೂ ಬರುತ್ತದೆ. ಅರ್ಧಕ್ಕರ್ಧ ಹಾಕಿದರೆ ಕಂದು ಗೆಲ್ಲುತ್ತದೆ.

ಕಾಯಿಸುವ ಬಗೆಯಲ್ಲಿ ಒಂದು ಗುಟ್ಟಿದೆ. ಹಸಿ ಟೊಮೆಟೊವನ್ನು ಹೆಚ್ಚಿ ಅಥವಾ ಮಿಕ್ಸಿಗೆ ಹಾಕಿ ಹಾಗೇ ಇಟ್ಟರೆ, ಹಣ್ಣಿನೊಳಗಿನ ಕಿಣ್ವಗಳು ಅದರ ಪೆಕ್ಟಿನ್ ಅನ್ನು ಒಡೆದುಹಾಕುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಸಾಸ್ ತಟ್ಟೆಯಲ್ಲಿ ನೀರು ಬಿಡುತ್ತದೆ. ಕಾರ್ಖಾನೆಗಳಲ್ಲಿ ಹಣ್ಣು ಜಜ್ಜಿದ ಕ್ಷಣದಲ್ಲೇ 90 ಡಿಗ್ರಿ ದಾಟಿಸುತ್ತಾರೆ. ಮನೆಯಲ್ಲಿ ಅಗಲವಾದ ಸ್ಟೀಲ್ ಪಾತ್ರೆ ಚೆನ್ನಾಗಿ ಕಾಯಿಸಿ, ಒಂದೆರಡು ಹಣ್ಣು ಹೆಚ್ಚಿ ಹಾಕಿ, ಅದು ಕುದಿ ಬಂದ ಮೇಲೆ ಮುಂದಿನದನ್ನು ಹೆಚ್ಚಿ ನೇರ ಕುದಿಯುವುದರೊಳಗೆ ಹಾಕುತ್ತ ಹೋಗಬೇಕು. ಎಲ್ಲ ಮೆತ್ತಗಾದ ಮೇಲೆ ಜರಡಿಯಲ್ಲಿ ಸೌಟಿನಿಂದ ಒತ್ತಿ ಸೋಸಿದರೆ ಸಿಪ್ಪೆ, ಬೀಜ ಮೇಲೆ ಉಳಿಯುತ್ತವೆ. ಕಬ್ಬಿಣದ ಬಾಣಲೆ ಬೇಡ. ಹುಳಿ ಕಬ್ಬಿಣವನ್ನು ಕರಗಿಸಿ ಸಾಸ್ ಕರ್ರಗಾಗುತ್ತದೆ, ಅದು ನಾವು ಬಯಸಿದ ಕಪ್ಪಲ್ಲ.

ಇಟ್ಟು ತಿನ್ನುವ ಸಾಸ್ ಆದರೆ ಹುಳಿಯ ಬಗ್ಗೆ ಎಚ್ಚರ ಬೇಕೇ ಬೇಕು. ಕಪ್ಪು ತಳಿಗಳ ಸಿಹಿ ಅವುಗಳ ಹುಳಿಯನ್ನು ನಾಲಗೆಗೆ ಮರೆಮಾಡುತ್ತದೆ, ಆದ್ದರಿಂದ ರುಚಿ ನೋಡಿ ಅಳೆಯುವುದಕ್ಕಾಗದು. ಬಾಟಲಿಯಲ್ಲಿ ಬೊಟುಲಿಸಂ ವಿಷ ಹುಟ್ಟದಿರಲು ಪಿಎಚ್ 4.6ಕ್ಕಿಂತ ಕೆಳಗಿರಬೇಕು. ಟೊಮೆಟೊ ಈ ಗೆರೆಯ ಹತ್ತಿರವೇ ಇರುವ ಹಣ್ಣು. ಅಮೆರಿಕದ ಕೃಷಿ ಇಲಾಖೆಯ ಸೂತ್ರದಂತೆ ಲೀಟರಿಗೆ ಸುಮಾರು ಅರ್ಧ ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಸೇರಿಸುವುದು ಸುರಕ್ಷಿತ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಮುದ್ರಮಟ್ಟದ ಊರಿನವರು ಬರೆದ ಅಳತೆಗಿಂತ ಬಾಟಲಿಗಳನ್ನು ಐದು ಹತ್ತು ನಿಮಿಷ ಹೆಚ್ಚು ಕುದಿಸಬೇಕು. ಎಣ್ಣೆ, ಬೆಳ್ಳುಳ್ಳಿ ಹಾಕಿದ ಸಾಸ್ ಅನ್ನು ಹೊರಗೆ ಇಡುವ ಸಾಹಸವೇ ಬೇಡ. ಅದನ್ನು ಡಬ್ಬಿಗಳಲ್ಲಿ ತುಂಬಿ ಫ್ರೀಜರ್‌ನಲ್ಲಿ ಇಡಿ.

ತಿರುಳು ಕಪ್ಪಗಿರುವ, ಗೋಡೆ ದಪ್ಪವಿರುವ, ಬೆಂಗಳೂರಿನ ವೈರಸ್‌ಗೆ ಬಗ್ಗದ ಟೊಮೆಟೊ ಮಾಡಲು ಸಾಧ್ಯವಿಲ್ಲವೇ? ಖಂಡಿತ ಸಾಧ್ಯ. ಹಸಿರು ಉಳಿಸುವ ಗುಣ ಒಂದೇ ವಂಶವಾಹಿಯದು, ಅದು ದುರ್ಬಲ ಗುಣ. ಹೆಸರಘಟ್ಟದವರು ತಮ್ಮ ನಿರೋಧಕ ಸಾಲುಗಳಿಗೆ ಇದನ್ನು ಸೇರಿಸಲು ಮನಸ್ಸು ಮಾಡಿದರೆ ವಿಜ್ಞಾನದ ದೃಷ್ಟಿಯಿಂದ ದೊಡ್ಡ ಅಡ್ಡಿಯೇನೂ ಕಾಣುವುದಿಲ್ಲ, ಮಾಡಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಅಲ್ಲಿಯವರೆಗೆ ತಾಳ್ಮೆಯಿರುವ ತಾರಸಿ ತೋಟಗಾರರೂ ಇದನ್ನು ಮಾಡಬಹುದು. ನಂದಿ ಅಥವಾ ವೈಭವ್ ಬೀಜ ಸಿಕ್ಕರೆ ಅದನ್ನು ತಾಯಿಗಿಡ ಮಾಡಿಕೊಳ್ಳಿ. ದಳ ಇನ್ನೂ ತಿಳಿಹಳದಿಯಾಗಿ ಮುಚ್ಚಿಕೊಂಡಿರುವ ಮೊಗ್ಗನ್ನು ಆರಿಸಿ, ಚಿಮಟದಿಂದ ಹಳದಿ ಕೇಸರದ ಕೊಳವೆಯನ್ನು ತೆಗೆದು, ಮರುದಿನ ಬೆಳಗ್ಗೆ ಬ್ಲ್ಯಾಕ್ ಪ್ಲಮ್ ಅಥವಾ ಬ್ಲ್ಯಾಕ್ ಕ್ರಿಮ್ ಹೂವಿನ ಪರಾಗ ಸವರಿ, ದಾರ ಕಟ್ಟಿ ಗುರುತು ಮಾಡಿ. ಆ ಹಣ್ಣಿನ ಬೀಜದಿಂದ ಬರುವ ಗಿಡಗಳೆಲ್ಲ ಕೆಂಪು ಹಣ್ಣನ್ನೇ ಬಿಡುತ್ತವೆ, ನಿರಾಶರಾಗಬಾರದು. ಅವುಗಳ ಬೀಜ ಹಾಕಿದಾಗ ನಾಲ್ಕರಲ್ಲಿ ಒಂದು ಗಿಡದ ಹಣ್ಣು ಕಂದಾಗುತ್ತದೆ. ನಿರೋಧಕ ಗುಣವೂ ಒಂದೇ ಪ್ರಬಲ ವಂಶವಾಹಿಯದ್ದಾಗಿದ್ದರೆ, ಹದಿನಾರಕ್ಕೆ ಮೂರು ಗಿಡ ಕಂದು ಹಣ್ಣನ್ನೂ ಕೊಟ್ಟು ರೋಗವನ್ನೂ ತಡೆಯುವ ಲೆಕ್ಕ. ಎಲೆ ಮುದುಡಿದ ಗಿಡಗಳನ್ನು ಕಿತ್ತುಹಾಕಿ, ಉಳಿದವುಗಳ ಮಾಗಿದ ಹಣ್ಣು ಕೊಯ್ದು, ಗೋಡೆ ದಪ್ಪವಾಗಿ ಲೋಳೆ ಕಡಿಮೆ ಇರುವವುಗಳ ಬೀಜವನ್ನು ಎರಡು ಮೂರು ದಿನ ಅದರ ರಸದಲ್ಲೇ ಹುಳಿಯಲು ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಬೇಕು. ಆರು ತಲೆಮಾರು ಹೀಗೆ ಆರಿಸುತ್ತ ಹೋದರೆ ತಳಿ ನೆಲೆನಿಲ್ಲುತ್ತದೆ. ಇಲ್ಲಿಯ ಹವೆಯಲ್ಲಿ ವರ್ಷಕ್ಕೆ ಎರಡು ಬೆಳೆ ಸಲೀಸಾಗಿ ತೆಗೆಯಬಹುದಾದ್ದರಿಂದ ಅದಕ್ಕೆ ಬೇಕಾಗುವುದು ಮೂರು ಮೂರೂವರೆ ವರ್ಷ.